ಯಾರ್ಕ್ ಕೋಲ್ಡ್ ವಾರ್ ಬಂಕರ್: ಹಳೇ ಮಿಲಿಟರಿ ಸಾಮಾನಿನ ಹುಚ್ಚಿರೋರು ನೋಡ್ಲೇಬೇಕಾದ ಜಾಗ

ಇಂಗ್ಲೆಂಡಲ್ಲಿರೋ ನಮ್ ಕನ್ನಡದೋರು ಯಾರ್ಕ್‌ಗೆ ಹೋದ್ರೆ ಮಿನ್‌ಸ್ಟರ್, ರೈಲ್ವೆ ಮ್ಯೂಸಿಯಂ ನೋಡಿ ವಾಪಸ್ ಬಂದ್ಬಿಡ್ತಾರೆ. ಆದ್ರೆ ಹೋಲ್‌ಗೇಟ್ ಕಡೆ ಮನೆಗಳ ಮಧ್ಯದಲ್ಲೇ ಹುಲ್ಲು ಬೆಳೆದ ಒಂದು ದಿಬ್ಬ ಇದೆ, ಅದರೊಳಗೆ ರಾಯಲ್ ಅಬ್ಸರ್ವರ್ ಕೋರ್‌ನ (ಅಣುಬಾಂಬ್ ಬಿದ್ರೆ ಎಲ್ಲಿ ಬಿತ್ತು, ವಿಕಿರಣ ಎಷ್ಟು ಅಂತ ವರದಿ ಮಾಡೋಕೆ ಇದ್ದ ವಾಲಂಟಿಯರ್ ಪಡೆ) 20ನೇ ಗ್ರೂಪಿನ ಹೆಡ್‌ಕ್ವಾರ್ಟರ್ಸ್ ಇತ್ತು. 1961ರಲ್ಲಿ ಶುರುವಾಗಿ 1991ರಲ್ಲಿ ಬಾಗ್ಲು ಹಾಕಿದ್ದು, ಈಗ ಇಂಗ್ಲಿಷ್ ಹೆರಿಟೇಜ್‌ನೋರು ಗೈಡ್ ಜೊತೆ ಒಳಗೆ ಕರ್ಕೊಂಡು ಹೋಗ್ತಾರೆ, ಹೆಚ್ಚುಕಮ್ಮಿ ಒಂದು ಗಂಟೆ ಟೂರ್.

ನಾನು ಇದನ್ನ ಇಷ್ಟು ಹೊಗಳೋಕೆ ಕಾರಣ ಏನಂದ್ರೆ, ಯಾರ್ಕ್‌ಶೈರ್ ಹೊಲಗಳಲ್ಲಿ ವಾಕಿಂಗ್ ಹೋದಾಗ ಅಲ್ಲಲ್ಲಿ ಒಂದು ಕಾಂಕ್ರೀಟ್ ಕಟ್ಟೆ, ಮೇಲೊಂದು ಕಬ್ಬಿಣದ ಮುಚ್ಚಳ, ಪಕ್ಕದಲ್ಲಿ ಒಂದೆರಡು ತುಕ್ಕು ಹಿಡಿದ ಪೈಪು ಕಾಣತ್ತೆ, ನೀರಿನ ಟ್ಯಾಂಕೋ ಏನೋ ಅನ್ಕೊಂಡು ಎಲ್ರೂ ದಾಟಿ ಹೋಗ್ತಾರೆ. ಅವು ಈ ಹೆಡ್‌ಕ್ವಾರ್ಟರ್ಸ್ ತರದ ಕಡೆಗೆ ರಿಪೋರ್ಟ್ ಕೊಡ್ತಿದ್ದ ನೆಲದಡಿ ಪೋಸ್ಟ್‌ಗಳು, ಮೂರು ಜನ ವಾಲಂಟಿಯರ್ಸ್ ಕೂರೋ ಅಷ್ಟೇ ಜಾಗ. ಬ್ರಿಟನ್ ತುಂಬಾ 1500ಕ್ಕೂ ಹೆಚ್ಚು ಕಟ್ಟಿದ್ರು, ಹತ್ತಿರತ್ತಿರ ಅರ್ಧದಷ್ಟನ್ನ 1968ರಲ್ಲೇ ಮುಚ್ಚಿದ್ರು, ಉಳಿದವು 1991ಕ್ಕೆ ಹೋದ್ವು. ಆ ಪೈಪು ಯಾವುದು, ಈ ಡಬ್ಬಿ ಏನಕ್ಕೆ ಅಂತ ಬರೀ ಫೋಟೋ ನೋಡಿದ್ರೆ ಗೊತ್ತಾಗಲ್ಲ, ಕೆಲಸ ಹೇಗೆ ಮಾಡ್ತಿತ್ತು ಅಂತ ತಿಳಿದ್ರೆ ಮಾತ್ರ ಗುರ್ತು ಸಿಗತ್ತೆ.

ಉದಾಹರಣೆಗೆ ಗ್ರೌಂಡ್ ಝೀರೋ ಇಂಡಿಕೇಟರ್, ಅಂದ್ರೆ ಬಾಂಬ್ ಎಲ್ಲಿ ಸಿಡೀತು ಅಂತ ಕಂಡುಹಿಡಿಯೋ ಸಾಧನ. ನೋಡೋಕೆ ಬಿಳಿ ಬಣ್ಣದ, ಮುಚ್ಚಳ ಇರೋ ದೊಡ್ಡ ಡಬರಿ ತರ. ಅದರ ಸುತ್ತ ನಾಲ್ಕು ಸಣ್ಣ ತೂತು, ಒಂದೊಂದು ದಿಕ್ಕಿಗೆ ಒಂದೊಂದು, ಒಳಗೆ ಪ್ರತಿ ತೂತಿನ ಎದುರು ಗೆರೆ ಹಾಕಿದ ಶೀಟು, ಹಿಂದೆ ಫೋಟೋ ಪೇಪರ್. ಕರೆಂಟಿಲ್ಲ, ಲೆನ್ಸಿಲ್ಲ, ಅದಕ್ಕೇ ಕೆಡೋಕೂ ಏನೂ ಇಲ್ಲ! ಬಾಂಬಿನ ಬೆಳಕು ತೂತಿಂದ ಬಂದು ಪೇಪರ್ ಮೇಲೆ ಕಲೆ ಮೂಡಿಸತ್ತೆ, ಸ್ವಲ್ಪ ಹೊತ್ತಾದ್ಮೇಲೆ ಒಬ್ರು ಮೇಲೆ ಹತ್ತಿ ಹೋಗಿ ಪೇಪರ್ ಬದಲಾಯಿಸ್ಕೊಂಡು ಬರ್ಬೇಕು, ಹೌದು, ಬಾಂಬ್ ಬಿದ್ದ ಮೇಲೆ ಹೊರಗೆ ಹೋಗ್ಬೇಕು, ಅದನ್ನ ಕೇಳಿ ನನಗೆ ಮೈ ಜುಮ್ ಅಂತು. ಕಲೆ ಎಲ್ಲಿದೆ ಅನ್ನೋದ್ರ ಮೇಲೆ ದಿಕ್ಕು, ಎತ್ತರ ಓದಿ ಫೋನಲ್ಲಿ ಹೇಳೋರು. ಎರಡು ಮೂರು ಪೋಸ್ಟಿನ ದಿಕ್ಕುಗಳನ್ನ ಮ್ಯಾಪ್ ಮೇಲೆ ಎಳೆದ್ರೆ ಗೆರೆಗಳು ಸೇರೋ ಕಡೆ ಬಾಂಬು. ನೆಲಕ್ಕೆ ತಾಗಿ ಸಿಡಿದಿದ್ರೆ ವಿಕಿರಣದ ಧೂಳು ಜಾಸ್ತಿ, ಹಂಗಾಗಿ ಎತ್ತರ ತಿಳಿಯೋದು ಅಷ್ಟು ಮುಖ್ಯ.

ಪೈಪುಗಳ ವಿಷ್ಯಕ್ಕೆ ಬಂದ್ರೆ, ಸಣ್ಣ ಪೈಪು ಬಾಂಬ್ ಪವರ್ ಇಂಡಿಕೇಟರ್‌ದು, ಮೇಲ್ಗಡೆ ಎರಡು ದುಂಡನೆ ಪ್ಲೇಟು, ಕೆಳಗೆ ರೂಮಲ್ಲಿ ಗಾಳಿಯ ಒತ್ತಡ ತೋರ್ಸೋ ಡಯಲ್. ದಪ್ಪ ಪೈಪಲ್ಲಿ ವಿಕಿರಣ ಅಳೆಯೋ ಫಿಕ್ಸೆಡ್ ಸರ್ವೇ ಮೀಟರ್‌ನ ಪ್ರೋಬನ್ನ ಮೇಲಕ್ಕೆ ಕಳಿಸ್ತಿದ್ರು, ಕೆಳಗಿದ್ದೋರು ಮೀಟರ್ ಓದೋರು. ಇಷ್ಟು ಗೊತ್ತಿದ್ರೆ ಸಾಕು, ಹೊಲದಲ್ಲಿ ಬರೀ ಮೋಟು ಪೈಪು ಉಳಿದಿದ್ರೂ ಹೇಳ್ಬಹುದು.

ಯಾರ್ಕಲ್ಲೇ ನೋಡ್ಬೇಕಾದ ಇನ್ನೊಂದು ಐಟಂ ಆಡ್ರಿ ಅನ್ನೋ ಮಷೀನು. ಅಣುಬಾಂಬಿನ ಬೆಳಕು ಒಂದ್ಸಲ ಹೊಳೆದು ಕಮ್ಮಿಯಾಗಿ ಮತ್ತೆ ಏರತ್ತೆ, ಆ ಎರಡು ಹೊಳಪಿನ ನಡುವಿನ ಸಮಯ ನೋಡಿ ಬಾಂಬು ಎಷ್ಟು ದೊಡ್ಡದು ಅಂತ ಇದು ಲೆಕ್ಕ ಹಾಕ್ತಿತ್ತು. ಆಪರೇಷನ್ಸ್ ರೂಮಿನ ಮ್ಯಾಪ್‌ಗಳ ಮುಂದೆ ನಿಂತಾಗ ಇದೆಲ್ಲಾ ಎಲ್ಲಿಗೆ ಬಂದು ಸೇರ್ತಿತ್ತು ಅಂತ ಅರ್ಥ ಆಗತ್ತೆ, ನನಗಂತೂ ಅಲ್ಲಿಂದ ಕಾಲು ಕೀಳೋಕೇ ಮನಸ್ಸಿರ್ಲಿಲ್ಲ.

ತುಂಬಾ ಚಿಕ್ಕ ಮಕ್ಕಳಿಗೆ ಬೋರ್ ಆಗಬಹುದು, ದೊಡ್ಡ ಮಕ್ಕಳನ್ನ ಖಂಡಿತ ಕರ್ಕೊಂಡು ಹೋಗಿ. ಎಲ್ಲಾ ದಿನ ತೆಗೆದಿರಲ್ಲ, ಮೊದ್ಲೇ ನೋಡಿ ಬುಕ್ ಮಾಡಿ. ಮತ್ತೆ ದಯವಿಟ್ಟು ಹೊಲದ ಪೋಸ್ಟ್ ಸಿಕ್ತು ಅಂತ ಮುಚ್ಚಳ ತೆಗೆದು ಇಳಿಯೋಕೆ ಹೋಗ್ಬೇಡಿ, ಜಾಗ ಯಾರ್ದೋ ಇರತ್ತೆ, ಏಣಿ ತುಕ್ಕು ಹಿಡಿದಿರತ್ತೆ, ಒಳಗೆ ನೀರು ತುಂಬಿರಬಹುದು, ಗಾಳಿನೂ ಸರಿ ಇರಲ್ಲ. ಎಲ್ಲಾದ್ರೂ ಹಳೇ ಮಿಲಿಟರಿ ಡಯಲ್ ಕೈಗೆ ಸಿಕ್ರೆ ಕೆರೆಯೋದು, ಬಿಚ್ಚೋದು ಮಾಡ್ಬೇಡಿ, ಕೆಲವಕ್ಕೆ ರೇಡಿಯಂ ಬಣ್ಣ ಬಳಿದಿರ್ತಾರೆ.