ನಕ್ಷೆಯಿಂದ ಕತ್ತರಿಸಿಹೋದ ಬೆಟ್ಟ

ಮೈಸೂರಿನ ಸರಸ್ವತಿಪುರಂನ ಅಡ್ಡರಸ್ತೆಯಲ್ಲಿರುವ, ಪಟಗಳಿಗೆ ಕಟ್ಟು ಹಾಕುವ ಈ ಅಂಗಡಿಗೆ ನಾನು ಹೋಗಿದ್ದು ದೇವರ ಪಟಕ್ಕಲ್ಲ, ಒಂದು ಊರಿನ ನಕ್ಷೆಗೆ. ಆಸ್ಟ್ರೇಲಿಯಾದ ರಾಜಧಾನಿ ಕ್ಯಾನ್‌ಬೆರಾ ಇನ್ನೂ ಕುರಿ ಮೇಯುವ ಬಯಲಾಗಿದ್ದಾಗ, 1912ರ ಸ್ಪರ್ಧೆಯಲ್ಲಿ ಗೆದ್ದ ನಕ್ಷೆ ಅದು. ಬಹುಮಾನ ಬಂದದ್ದು ವಾಲ್ಟರ್ ಬರ್ಲಿ ಗ್ರಿಫಿನ್ ಹೆಸರಿಗೆ. ಆದರೆ ಆ ಚಿತ್ರಗಳನ್ನು ಸಿದ್ಧಪಡಿಸುವಲ್ಲಿ ಅವರ ಹೆಂಡತಿ, ಸ್ವತಃ ವಾಸ್ತುಶಿಲ್ಪಿಯಾಗಿದ್ದ ಮೇರಿಯನ್ ಮಹೋನಿಯ ಪಾಲು ದೊಡ್ಡದು. ಪಾಲಿಟೆಕ್ನಿಕ್‌ನಲ್ಲಿ ಇಪ್ಪತ್ತೆಂಟು ವರ್ಷ ನಕ್ಷೆ ಬರೆಯುವುದನ್ನು ಕಲಿಸಿದವಳು ನಾನು. ತಂಗಿಯ ಮಗಳು ಕ್ಯಾನ್‌ಬೆರಾದಿಂದ ಆ ನಕ್ಷೆಯ ಫೈಲ್ ಕಳುಹಿಸಿದ ದಿನವೇ ಗೋಡೆಯ ಜಾಗ ಗೊತ್ತುಮಾಡಿದ್ದೆ.

ಮೊದಲ ಸಲ ಕೆಲಸ ಕೆಟ್ಟಿತು. ಸಿದ್ಧ ಚೌಕಟ್ಟಿನ ಅಳತೆಗೆ ಹೊಂದಿಸಲು ಹುಡುಗ ಅಂಚಿನಲ್ಲಿ ಎರಡು ಇಂಚು ಕತ್ತರಿಸಿದ್ದ. "ಅಲ್ಲಿ ಬರೀ ಗೆರೆಗಳಿದ್ದವು ಮೇಡಂ, ಅದಕ್ಕೇ ತೆಗೆದೆ" ಎಂದ. ಆ ಗೆರೆಗಳೇ ಏನ್ಸ್‌ಲಿ ಬೆಟ್ಟ! ಒಂದೊಂದು ಗೆರೆಯೂ ಒಂದೊಂದು ಎತ್ತರ. ಊರಿನ ನಡುಗೆರೆ ಹೊರಡುವುದೇ ಆ ಬೆಟ್ಟದಿಂದ. ಕೆರೆ ದಾಟಿ ಎದುರಿನ ಗುಡ್ಡಕ್ಕೆ ಹೋಗುತ್ತದೆ. ಬೆಟ್ಟಗಳನ್ನು ನೋಡಿ ಬೀದಿ ಹಾಕಿದ ಊರು ಅದು. "ಚಾಮುಂಡಿ ಬೆಟ್ಟವನ್ನು ಬಿಟ್ಟು ಮೈಸೂರು ಬರೆದರೆ ನೀನು ಒಪ್ಪುತ್ತೀಯೇನಪ್ಪ?" ಎಂದು ಕೇಳಿದೆ. ಹುಡುಗ ಬಗ್ಗಿ ಗೆರೆಗಳ ಮೇಲೆ ಬೆರಳಾಡಿಸಿದ.

ಅಂಗಡಿಯ ಯಜಮಾನರು ಸ್ಟೂಲ್ ಎಳೆದುಕೊಂಡು ಕುಳಿತು ಪೂರ್ತಿ ಕೇಳಿದರು. ಕ್ಯಾನ್‌ಬೆರಾದ ಮೇಲೂ ಪ್ರಭಾವ ಬೀರಿದ ಉದ್ಯಾನ ನಗರದ ಕಲ್ಪನೆಯನ್ನು 1898ರಲ್ಲಿ ಮುಂದಿಟ್ಟ ಇಂಗ್ಲೆಂಡಿನ ಎಬೆನೆಜರ್ ಹೊವಾರ್ಡ್ ಕೇಳಿದ್ದು ಬರೀ ಗಿಡಮರಗಳನ್ನಲ್ಲ. ನೆಲ ಊರಿನ ಕೈಯಲ್ಲೇ ಇರಬೇಕು, ಅದರ ಬಾಡಿಗೆ ಊರಿಗೇ ಖರ್ಚಾಗಬೇಕು ಎಂದರು. ಕ್ಯಾನ್‌ಬೆರಾದಲ್ಲಿ ಇಂದಿಗೂ ಮನೆಯ ನಿವೇಶನ ಸಿಗುವುದು ಗುತ್ತಿಗೆಗೆ. ಹೊವಾರ್ಡರ ಮೊದಲ ಊರು ಲೆಚ್‌ವರ್ತ್ ಇಂಗ್ಲೆಂಡಿನಲ್ಲಿ ಶುರುವಾದದ್ದು 1903ರಲ್ಲಿ. ನಮ್ಮ ಮೈಸೂರಿನ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ ಹುಟ್ಟಿದ್ದೂ ಅದೇ ವರ್ಷ. ಇದನ್ನು ಹೇಳಿದಾಗ ಯಜಮಾನರು ಕನ್ನಡಕ ತೆಗೆದು ನಕ್ಷೆಯನ್ನು ಮತ್ತೆ ನೋಡಿದರು. ಗ್ರಿಫಿನ್ ತೀರಿಕೊಂಡದ್ದು ನಮ್ಮ ಲಖನೌದಲ್ಲಿ, 1937ರಲ್ಲಿ. ನಕ್ಷೆಯ ಕೆರೆಯಲ್ಲಿ ನೀರು ತುಂಬಿದ್ದು 1964ರಲ್ಲಿ. ಅವರು ಅದನ್ನು ನೋಡಲೇ ಇಲ್ಲ ಎಂಬುದು ನನಗೆ ಇಂದಿಗೂ ಸಂಕಟ.

ಎರಡನೆಯ ಪ್ರತಿಗೆ ಅವರು ಹಣ ತೆಗೆದುಕೊಳ್ಳಲಿಲ್ಲ. ಸಿದ್ಧ ಚೌಕಟ್ಟು ಬಿಟ್ಟು ತೇಗದ ಪಟ್ಟಿಯನ್ನು ನಕ್ಷೆಯ ಅಳತೆಗೇ ಕುಯ್ದರು. ಮೂಲೆಗಳಲ್ಲಿ ಉಗುರು ತೂರುವಷ್ಟೂ ಸಂದಿಲ್ಲ. ಬಿಳಿ ಅಂಚು ಅಗಲವಾಗಿದೆ, ಸಣ್ಣ ಗೆರೆಗಳೂ ಒಡೆದಿಲ್ಲ. ಆ ಪ್ರತಿ ಬಿಟ್ಟು ಒಟ್ಟು 1,850 ರೂಪಾಯಿ. ಆರು ದಿನ ಎಂದದ್ದು ಹದಿಮೂರು ದಿನವಾಯಿತು. ಚೌಕಟ್ಟಿನ ಹಿಂಬದಿಯ ಕೊಂಡಿ ಆ ಭಾರಕ್ಕೆ ಸಾಲದು, ಮನೆಯಲ್ಲಿ ಬೇರೆ ಹಾಕಿಸಿಕೊಂಡೆ. ನಕ್ಷೆಯನ್ನೋ ಹಳೆಯ ದಸ್ತಾವೇಜನ್ನೋ ಕೊಡುವವರು "ಅಂಚು ಕತ್ತರಿಸಬೇಡಿ" ಎಂದು ರಸೀದಿಯ ಮೇಲೆ ಬರೆಸಿಕೊಳ್ಳಿ. ನಾನು ಮುಂದಿನ ತಿಂಗಳು ಅಪ್ಪನ ಕೈಬರಹದ ಗದ್ದೆ ನಕ್ಷೆಯನ್ನು ಇವರಿಗೇ ಕೊಡುತ್ತಿದ್ದೇನೆ.