ಎಣ್ಣೆ, ಜೆಲ್, ಕ್ರೀಮ್: ಮುಟ್ಟು ನಿಂತ ಮೇಲಿನ ಯೋನಿಯ ಒಣತನಕ್ಕೆ ಯಾವುದು, ಎಲ್ಲಿಗೆ, ಎಷ್ಟು

ಮೆಡಿಕಲ್ ಶಾಪಿನಲ್ಲಿ ತಗ್ಗಿದ ದನಿಯಲ್ಲಿ ‘ಒಂದು ಜೆಲ್ಲಿ ಕೊಡಿ’ ಎಂದರೆ ಕೈಗೆ ಬರುವ ಟ್ಯೂಬು ಮೂರರಲ್ಲಿ ಯಾವುದೂ ಆಗಿರಬಹುದು: ಜಾರುವಂತೆ ಮಾಡುವ ಲೂಬ್ರಿಕೆಂಟ್ ಜೆಲ್ಲಿ, ಮರಗಟ್ಟಿಸುವ ಲಿಗ್ನೋಕೇನ್ ಜೆಲ್ಲಿ, ಇಲ್ಲವೇ ಸ್ಕ್ಯಾನಿಂಗ್‌ಗೆ ಹಚ್ಚುವ ಜೆಲ್. ಹಿಂಡಿ ನೋಡಿದರೆ ಮೂರೂ ಒಂದೇ ಥರ. ಬೇಕಾದದ್ದು ಮೊದಲನೆಯದು. ಎರಡನೆಯದು ನೋವನ್ನು ಮುಚ್ಚಿಡುತ್ತದೆ, ಒಳಗೆ ಗೀರಿದರೂ ಗೊತ್ತಾಗುವುದಿಲ್ಲ, ಗಂಡನಿಗೂ ಜೋಮು ಹಿಡಿಯುತ್ತದೆ. ಮೂರನೆಯದು ಹೊಟ್ಟೆಯ ಮೇಲಿನ ಚರ್ಮಕ್ಕೆಂದು ಮಾಡಿದ್ದು. ಸಂಕೋಚದಿಂದ ಟ್ಯೂಬನ್ನು ಕಾಗದದಲ್ಲಿ ಸುತ್ತಿಸಿಕೊಳ್ಳುವ ಮೊದಲು ಅದರ ಮೇಲಿನ ಸಣ್ಣಕ್ಷರ ಓದಿಬಿಡಿ.

ಕೊಬ್ಬರಿ ಎಣ್ಣೆ, ನೀರಿನ ಲೂಬ್ರಿಕೆಂಟ್, ಸಿಲಿಕೋನ್ ಲೂಬ್ರಿಕೆಂಟ್, ಮಾಯಿಶ್ಚರೈಸರ್ ಜೆಲ್, ಈಸ್ಟ್ರೊಜನ್ ಎಂಬ ಹೆಣ್ಣು ಹಾರ್ಮೋನಿನ ಕ್ರೀಮ್. ಈ ಐದನ್ನು ಬಳಸಿ ಪಕ್ಕಪಕ್ಕ ಇಟ್ಟು ನೋಡಿದ್ದೇವೆ. ಒಂದಕ್ಕೊಂದು ಪೈಪೋಟಿಯಂತೆ ಕಂಡರೂ ಇವುಗಳ ಕೆಲಸವೇ ಬೇರೆ ಬೇರೆ. ಎಣ್ಣೆ ಮತ್ತು ಲೂಬ್ರಿಕೆಂಟ್ ಕೂಡುವ ಹೊತ್ತಿನ ಉಜ್ಜಾಟ ತಪ್ಪಿಸುತ್ತವೆ, ಅಷ್ಟೇ. ಮಾಯಿಶ್ಚರೈಸರ್ ಎರಡು ಮೂರು ದಿನ ತೇವ ಹಿಡಿದಿಡುತ್ತದೆ. ತೆಳುವಾದ ಒಳಪದರವನ್ನು ಮತ್ತೆ ದಪ್ಪವಾಗಿಸುವುದು ಈ ಐದರಲ್ಲಿ ಈಸ್ಟ್ರೊಜನ್ ಮಾತ್ರ. ‘ನಾಲ್ಕು ಬ್ರಾಂಡ್ ಬದಲಿಸಿದೆ, ಯಾವುದೂ ಆಗಿಬರಲಿಲ್ಲ’ ಎನ್ನುವವರನ್ನು ಕೇಳಿ ನೋಡಿ, ನಾಲ್ಕು ಸಲವೂ ಕೊಂಡದ್ದು ಲೂಬ್ರಿಕೆಂಟೇ ಆಗಿರುತ್ತದೆ.

ಒಳಗೆ ಆಗುವುದು ಇಷ್ಟು. ಈಸ್ಟ್ರೊಜನ್ ಇಳಿದಾಗ ಯೋನಿಯ ಒಳಪದರ ತೆಳುವಾಗುತ್ತದೆ, ಅದರ ಮಡಿಕೆಗಳು ಸಪಾಟಾಗುತ್ತವೆ, ರಕ್ತದ ಓಟ ತಗ್ಗುತ್ತದೆ. ಆ ಪದರದಲ್ಲಿರುವ ಗ್ಲೈಕೋಜನ್ ಎಂಬ ಸಕ್ಕರೆಯಂಶ ಲ್ಯಾಕ್ಟೋಬ್ಯಾಸಿಲಸ್‌ಗೆ ಆಹಾರ. ಮೊಸರು ಹುಳಿಸುವ ಬಳಗದ್ದೇ ಬ್ಯಾಕ್ಟೀರಿಯಾ ಇದು. ಅದಕ್ಕೆ ಆಹಾರ ತಪ್ಪಿದರೆ ಹುಳಿಯೂ ತಪ್ಪಿತು, 3.5ರಿಂದ 4.5ರೊಳಗೆ ಇದ್ದ ಪಿಎಚ್ (ಹುಳಿಯ ಅಳತೆ, ಅಂಕಿ ಏರಿದಷ್ಟೂ ಹುಳಿ ಕಡಿಮೆ) 5 ದಾಟುತ್ತದೆ. ಮೂತ್ರದ್ವಾರಕ್ಕೂ ಇದೇ ಗತಿ. ಉರಿಮೂತ್ರ, ಅವಸರವಾಗಿ ಓಡಬೇಕಾಗುವುದು, ಪದೇಪದೇ ಸೋಂಕು, ಎಲ್ಲ ಒಂದೇ ಬೇರಿನವು. 2014ರಲ್ಲಿ ತಜ್ಞ ಸಂಘಗಳು ‘ಯೋನಿ ಕ್ಷೀಣತೆ’ ಎಂಬ ಹಳೆಯ ಹೆಸರು ಬಿಟ್ಟು ಮೂತ್ರಾಂಗಗಳನ್ನೂ ಸೇರಿಸಿಕೊಂಡ ಹೊಸ ಹೆಸರಿಟ್ಟದ್ದು ಇದಕ್ಕೇ. ಮೈ ಬಿಸಿಯೇರಿ ಬೆವರುವುದು ವರ್ಷಗಳು ಕಳೆದಂತೆ ತಗ್ಗುತ್ತದೆ. ಒಣತನ ಹಾಗಲ್ಲ, ಬಿಟ್ಟರೆ ಬೆಳೆಯುತ್ತದೆ.

ಕೊಬ್ಬರಿ ಎಣ್ಣೆಯಿಂದ ಶುರು ಮಾಡೋಣ, ಎಲ್ಲರ ಮನೆಯಲ್ಲೂ ಇರುವುದು ಅದೇ. ಹೊರಭಾಗಕ್ಕೆ ಚೆನ್ನಾಗಿದೆ. ಸ್ನಾನವಾದ ಮೇಲೆ ಒತ್ತಿ ಒರೆಸಿ, ಕಾಲು ಚಮಚ ಎಣ್ಣೆಯನ್ನು ಯೋನಿಯ ತುಟಿಗಳ ಒಳಬದಿಗೆ ಮತ್ತು ಯೋನಿಯ ಬಾಯಿಯ ಸುತ್ತ ಸವರಿದರೆ ನಡೆಯುವಾಗಿನ ಉಜ್ಜು, ಮೂತ್ರ ತಾಗಿದಾಗಿನ ಉರಿ ತಗ್ಗುತ್ತದೆ. ಗಾಣದ್ದಾಗಲಿ ಅಂಗಡಿಯದ್ದಾಗಲಿ, ಸುವಾಸನೆ ಬೆರೆಸದ ಅಡುಗೆಯ ಎಣ್ಣೆ ಇರಲಿ, ತಲೆಗೆ ಹಚ್ಚುವ ಸೀಸೆಯದ್ದು ಬೇಡ. ಕೂಡುವಾಗಲೂ ಆಗುತ್ತದೆ, ಬೇಗ ಒಣಗುವುದಿಲ್ಲ. ಆದರೆ ಕಾಂಡೋಮ್ ಇದ್ದರೆ ಬೇಡವೇ ಬೇಡ: ಎಣ್ಣೆ ತಾಗಿದ ಲೇಟೆಕ್ಸ್ ಕೆಲವೇ ನಿಮಿಷಗಳಲ್ಲಿ ಬಲ ಕಳೆದುಕೊಂಡು ಹರಿಯಬಹುದು. 50 ದಾಟಿದ ಮೇಲೆ ಮುಟ್ಟು ನಿಂತರೆ ಒಂದು ವರ್ಷ, ಅದಕ್ಕೂ ಮೊದಲೇ ನಿಂತರೆ ಎರಡು ವರ್ಷ ಗರ್ಭ ತಡೆಯಬೇಕು ಎಂಬ ಲೆಕ್ಕ ಹಲವರಿಗೆ ನೆನಪಿರುವುದಿಲ್ಲ. ಸಕ್ಕರೆ ಕಾಯಿಲೆ ಇರುವವರು ಎಣ್ಣೆಯನ್ನು ಒಳಗೆ ಹಾಕದೆ ಹೊರಗಷ್ಟೇ ಸವರಿಕೊಳ್ಳಲಿ. ವೆಸಲೀನ್ ಕೂಡ ಹೊರಗಿಗೆ ಮಾತ್ರ. ಒಳಗೆ ಅಂಟಿ ಕೂತು ಸೋಂಕಿಗೆ ದಾರಿ ಮಾಡುತ್ತದೆ. ಎಣ್ಣೆಯ ಮಿತಿ ಎಂದರೆ ಅದರಲ್ಲಿ ನೀರಿಲ್ಲ. ಇರುವ ತೇವವನ್ನು ಕಾಯುತ್ತದೆ, ಇಲ್ಲದ ತೇವವನ್ನು ತರುವುದಿಲ್ಲ.

ನೀರಿನ ಲೂಬ್ರಿಕೆಂಟ್ ಕೊಳ್ಳುವವರು ಹೆಸರಿಗಿಂತ ಹೂರಣ ನೋಡಬೇಕು. ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್ ಹೆಚ್ಚಿದ್ದರೆ ದ್ರವದ ಸಾಂದ್ರತೆ, ಎಂದರೆ ಅದರಲ್ಲಿ ಕರಗಿದ ಕಣಗಳ ಪ್ರಮಾಣ, ಏರುತ್ತದೆ. ಉಪ್ಪು ಸವರಿದ ಮಾವಿನಕಾಯಿ ಹೋಳು ನೀರು ಬಿಡುವುದಿಲ್ಲವೇ, ಹಾಗೆ ಅದು ಒಳಪದರದಿಂದಲೇ ನೀರು ಎಳೆದು ಉರಿ ತರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2012ರಲ್ಲಿ ಈ ಸಾಂದ್ರತೆ ಕಿಲೋಗೆ 380 ಮಿಲಿಆಸ್ಮೋಲ್‌ಗಿಂತ ಕಡಿಮೆ ಇದ್ದರೆ ಒಳ್ಳೆಯದು, ಹೇಗಿದ್ದರೂ 1200 ಮೀರಬಾರದು, ಯೋನಿಗೆ ಪಿಎಚ್ 4.5ರ ಆಸುಪಾಸು ಇರಲಿ ಎಂದಿತು. ಬಹಳ ಟ್ಯೂಬುಗಳ ಮೇಲೆ ಈ ಅಂಕಿ ಇರುವುದಿಲ್ಲ. ಆಗ ಒಂದು ಉಪಾಯ: ಪದಾರ್ಥಗಳ ಪಟ್ಟಿಯಲ್ಲಿ ನೀರಿನ ನಂತರ ಎರಡನೆಯದೇ ಗ್ಲಿಸರಿನ್ ಇದ್ದರೆ ಕೆಳಗಿಡಿ. ಬಿಸಿ ತರುವುದು, ಚಳಿ ತರುವುದು, ಸ್ಟ್ರಾಬೆರಿ ವಾಸನೆಯದು ತೆಳುವಾದ ಚರ್ಮಕ್ಕೆ ಹಚ್ಚುವಂಥದ್ದಲ್ಲ. ಒಂದು ಚಮಚದಷ್ಟು ತೆಗೆದುಕೊಂಡು ಇಬ್ಬರಿಗೂ ಹಚ್ಚಬೇಕು. ಕಡಲೆಕಾಳಿನಷ್ಟು ಹಚ್ಚಿ ‘ಕೆಲಸ ಮಾಡಲಿಲ್ಲ’ ಎನ್ನುವವರು ಬಹಳ. ಹತ್ತು ಹದಿನೈದು ನಿಮಿಷಕ್ಕೆ ಅಂಟಂಟಾದರೆ ಮತ್ತೆ ಜೆಲ್ ಸುರಿಯಬೇಡಿ, ಬೆರಳಲ್ಲಿ ನಾಲ್ಕು ಹನಿ ನೀರು ಮುಟ್ಟಿಸಿದರೆ ಮತ್ತೆ ಜಾರುತ್ತದೆ.

ಸಿಲಿಕೋನ್‌ನದ್ದು ಚರ್ಮದೊಳಗೆ ಇಂಗುವುದಿಲ್ಲ, ಒಣಗುವುದಿಲ್ಲ. ಐದಾರು ಹನಿ ಸಾಕು. ಲೇಟೆಕ್ಸಿಗೂ ತೊಂದರೆ ಇಲ್ಲ. ನೀರಿನದ್ದು ಹಚ್ಚಿದ ಕೂಡಲೇ ಉರಿಯುವವರಿಗೆ ನಮ್ಮ ಮೊದಲ ಸಲಹೆ ಇದೇ. ದೂರು ಎರಡು: ಹಾಸಿಗೆ ಮೇಲಿನ ಕಲೆ ಸುಲಭಕ್ಕೆ ಹೋಗದು, ಬಚ್ಚಲ ನೆಲಕ್ಕೆ ಬಿದ್ದರೆ ಕಾಲು ಜಾರುತ್ತದೆ. ಗರ್ಭಕೋಶ ಜಾರಿ ಸಿಲಿಕೋನ್ ರಿಂಗ್ ಹಾಕಿಸಿಕೊಂಡವರು ರಿಂಗ್ ಹಾಕಲು ತೆಗೆಯಲು ನೀರಿನ ಜೆಲ್ಲನ್ನೇ ಬಳಸಲಿ.

ಕೂಡುವುದೇ ಇಲ್ಲದವರಿಗೂ ಒಣತನ ಇರುತ್ತದೆ. ಒಂಟಿಯಾಗಿರುವವರು, ಗಂಡ ತೀರಿಕೊಂಡವರು ‘ನನಗ್ಯಾಕೆ ಇದೆಲ್ಲ’ ಎಂದು ಉರಿ ನುಂಗಿಕೊಂಡು ಕೂರುತ್ತಾರೆ. ಅವರಿಗೆ ಲೂಬ್ರಿಕೆಂಟಿನಿಂದ ಪ್ರಯೋಜನವಿಲ್ಲ, ಮಾಯಿಶ್ಚರೈಸರ್ ಬೇಕು. ಪಾಲಿಕಾರ್ಬೊಫಿಲ್ ಇರುವುದು ಗೋಡೆಗೆ ಅಂಟಿ ನೀರನ್ನು ನಿಧಾನಕ್ಕೆ ಬಿಡುತ್ತದೆ. ಹಯಲುರಾನಿಕ್ ಆಸಿಡ್ ಇರುವುದು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೂರು ದಿನಕ್ಕೊಮ್ಮೆ, ಮಲಗುವಾಗ. ಒಂದು ಡೋಸ್ ಹಾಕಿ ಬೆಳಗ್ಗೆ ಪರೀಕ್ಷೆ ಮಾಡಬೇಡಿ, ಎರಡರಿಂದ ನಾಲ್ಕು ವಾರ ಕೊಡಿ. ಪಾಲಿಕಾರ್ಬೊಫಿಲ್ ಬಳಸಿದ ಎರಡನೇ ಮೂರನೇ ದಿನ ಬಿಳಿ ಚೂರುಗಳು ಉದುರುತ್ತವೆ. ಇದನ್ನೇ ಬಿಳಿಸೆರಗು ಎಂದುಕೊಂಡು ಫಂಗಸ್ ಮಾತ್ರೆ ಇಟ್ಟುಕೊಳ್ಳುವವರಿದ್ದಾರೆ. ವಾಸನೆ ಇಲ್ಲ, ತುರಿಕೆ ಇಲ್ಲ ಎಂದರೆ ಅದು ಜೆಲ್ಲಿನ ಉಳಿಕೆ.

ಮಾಯಿಶ್ಚರೈಸರ್ ಕೀಳು, ಹಾರ್ಮೋನ್ ಮೇಲು ಎಂಬ ಶ್ರೇಣಿಯನ್ನು ನಾವು ಒಪ್ಪುವುದಿಲ್ಲ. 2018ರಲ್ಲಿ ಅಮೆರಿಕದಲ್ಲಿ 302 ಮಹಿಳೆಯರ ಮೇಲೆ ನಡೆದ ಹೋಲಿಕೆಯಲ್ಲಿ 12 ವಾರಗಳ ನಂತರ ಯೋನಿಯಲ್ಲಿಡುವ 10 ಮೈಕ್ರೊಗ್ರಾಂ ಎಸ್ಟ್ರಡಯಾಲ್ (ಈಸ್ಟ್ರೊಜನ್ನಿನ ಒಂದು ಬಗೆ) ಮಾತ್ರೆ, ಮಾಯಿಶ್ಚರೈಸರ್ ಮತ್ತು ಬರೀ ಜೆಲ್, ಮೂರೂ ಗುಂಪಿನವರ ತೊಂದರೆ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಇಳಿದಿತ್ತು. ಉರಿ, ಒಣತನ ಇಷ್ಟೇ ಇದ್ದರೆ ಜೆಲ್ಲಿನಿಂದ ಶುರು ಮಾಡಿದವರು ಏನನ್ನೂ ಕಳೆದುಕೊಳ್ಳುವುದಿಲ್ಲ.

ಹಾರ್ಮೋನ್ ಗೆಲ್ಲುವುದು ಮೂತ್ರದ ಸೋಂಕಿನಲ್ಲಿ. 1993ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಪದೇಪದೇ ಸೋಂಕಾಗುತ್ತಿದ್ದ 93 ಮಹಿಳೆಯರ ಪೈಕಿ ಎಸ್ಟ್ರಿಯಾಲ್ (ಇದೂ ಈಸ್ಟ್ರೊಜನ್ನೇ) ಕ್ರೀಮ್ ಹಾಕಿದವರಿಗೆ ವರ್ಷಕ್ಕೆ ಸರಾಸರಿ 0.5 ಸಲ ಸೋಂಕು, ಹಾಕದವರಿಗೆ 5.9 ಸಲ. ವರ್ಷಕ್ಕೆ ಮೂರು ಕೋರ್ಸ್ ಆ್ಯಂಟಿಬಯಾಟಿಕ್ ನುಂಗುತ್ತಿರುವವರು ಈ ಎರಡು ಅಂಕಿಗಳನ್ನು ವೈದ್ಯರ ಮುಂದೆ ಎತ್ತಬಹುದು. ಮಾಯಿಶ್ಚರೈಸರ್‌ಗಾಗಲಿ ಎಣ್ಣೆಗಾಗಲಿ ಈ ಶಕ್ತಿ ಇಲ್ಲ.

ನಮ್ಮಲ್ಲಿ ಸಾಮಾನ್ಯವಾಗಿ ಬರೆದುಕೊಡುವ ಕ್ರೀಮ್ ಎರಡು. ಒಂದು ಎಸ್ಟ್ರಿಯಾಲ್, ಗ್ರಾಮಿಗೆ 1 ಮಿಲಿಗ್ರಾಂ. ಇನ್ನೊಂದು ಕಾಂಜುಗೇಟೆಡ್ ಈಸ್ಟ್ರೊಜನ್, ಗ್ರಾಮಿಗೆ 0.625 ಮಿಲಿಗ್ರಾಂ, ಇದರ ಮೂಲ ಬ್ರಾಂಡಿನ ಕ್ರೀಮ್ ಬಸುರಿ ಕುದುರೆಯ ಮೂತ್ರದಿಂದ ತೆಗೆದದ್ದು. ಪ್ರೆಮಾರಿನ್ ಎಂಬ ಹೆಸರು ಹುಟ್ಟಿದ್ದೂ ಅದರಿಂದಲೇ. ಮಡಿ, ಸಸ್ಯಾಹಾರ ಎಂದು ಹಿಂಜರಿಯುವವರು ಎಸ್ಟ್ರಿಯಾಲ್ ಕೇಳಬಹುದು. ಅದು ಇವೆರಡರಲ್ಲಿ ಮೃದು ಕೂಡ.

ಎಸ್ಟ್ರಿಯಾಲ್‌ನ ಲೆಕ್ಕ: ಅಪ್ಲಿಕೇಟರಿನ ಉಂಗುರದ ಗುರುತಿನವರೆಗೆ ತುಂಬಿದರೆ 0.5 ಗ್ರಾಂ. ಮೊದಲ ಎರಡು ಮೂರು ವಾರ ಪ್ರತಿ ರಾತ್ರಿ, ಆಮೇಲೆ ವಾರಕ್ಕೆ ಎರಡು ರಾತ್ರಿ. ಸೋಮವಾರ, ಗುರುವಾರ ಎಂದು ಗೊತ್ತು ಮಾಡಿಕೊಂಡರೆ ಮರೆಯುವುದಿಲ್ಲ. 15 ಗ್ರಾಂ ಟ್ಯೂಬಿನಲ್ಲಿ ಮೊದಲ ಎರಡು ವಾರಕ್ಕೆ 7 ಗ್ರಾಂ ಹೋಗಿ, ಉಳಿದ 8 ಗ್ರಾಂ ಎಂಟು ವಾರ ಬರುತ್ತದೆ. ತಿಂಗಳಿಗೇ ಖಾಲಿಯಾದರೆ ಅಳತೆ ತಪ್ಪಿದೆ ಎಂದರ್ಥ. ಕಾಂಜುಗೇಟೆಡ್‌ನ ಅಪ್ಲಿಕೇಟರ್ ತುಂಬಾ 2 ಗ್ರಾಂ ಹಿಡಿಯುತ್ತದೆ. ಬರೆದದ್ದು 0.5 ಇದ್ದರೆ ತುಂಬ ತುಂಬಿಸಬೇಡಿ, ಜಾಸ್ತಿ ಪ್ರಮಾಣ ದಿನವೂ ಹೋದರೆ ಗರ್ಭಕೋಶದ ಒಳಪದರ ಬೆಳೆಯಬಹುದು. ಮಂಡಿ ಮಡಚಿ ಮಲಗಿ, ಸೊಂಟದ ಕಡೆಗೆ ಓರೆಯಾಗಿ ತೂರಿಸಿ, ತಳ್ಳಿ, ಹಾಗೇ ನಿದ್ದೆ ಮಾಡಿ. ಅಪ್ಲಿಕೇಟರ್ ತೊಳೆಯಲು ಉಗುರುಬೆಚ್ಚಗಿನ ನೀರು ಸಾಕು, ಕುದಿಸಿದರೆ ಸೊಟ್ಟಗಾಗುತ್ತದೆ.

ಕ್ರೀಮ್ ಸೋಲುವ ಮೊದಲ ಕಾರಣ ಜಾಗ. ನೋವು ಬಹುತೇಕರಿಗೆ ಯೋನಿಯ ಬಾಯಿಯಲ್ಲೇ, ಅದನ್ನು ಗಡಿಯಾರ ಎಂದುಕೊಂಡರೆ ಕೆಳಗಿನ ಐದರಿಂದ ಏಳು ಗಂಟೆಯ ಜಾಗದಲ್ಲಿ. ಅಪ್ಲಿಕೇಟರ್ ಮಾತ್ರ ಕ್ರೀಮನ್ನು ಗರ್ಭಕೊರಳಿನ ಬಳಿ ಬಿಟ್ಟುಬರುತ್ತದೆ. ಒಳಗೆ ಚೆನ್ನಾಗಿದೆ, ಬಾಗಿಲಲ್ಲಿ ಮಾತ್ರ ಹರಿದಂತೆ ನೋವು ಎಂದರೆ ಇದೇ ಕಾರಣ. ಅದೇ ಪ್ರಮಾಣದಿಂದ ಬಟಾಣಿ ಕಾಳಿನಷ್ಟನ್ನು ಬೆರಳ ತುದಿಯಲ್ಲಿ ತೆಗೆದು ಬಾಯಿಗೆ, ಮೂತ್ರದ್ವಾರದ ಕೆಳಗೆ ಸವರಿ. ಎರಡನೆಯದು ಅವಸರ. ತೆಳುವಾದ ಚರ್ಮಕ್ಕೆ ಮೊದಲ ಕೆಲವು ದಿನ ಕ್ರೀಮೇ ಉರಿಯಬಹುದು. ಪದರ ಬಲಿತಂತೆ ಉರಿ ತಾನಾಗಿ ತಗ್ಗುತ್ತದೆ. ಅಲ್ಲಿಯವರೆಗೆ ಬೆರಳ ತುದಿಯಲ್ಲಿ ಸವರುವಷ್ಟೇ ಸಾಕು. ಊದಿಕೊಂಡರೆ, ದದ್ದು ಎದ್ದರೆ ಮಾತ್ರ ನಿಲ್ಲಿಸಿ. ಪೂರ್ತಿ ಗುಣ ಕಾಣಲು ಎಂಟರಿಂದ ಹನ್ನೆರಡು ವಾರ ಬೇಕು, ಗುಣವಾಯಿತೆಂದು ನಿಲ್ಲಿಸಿದರೆ ಒಣತನ ಮರಳುತ್ತದೆ. ಇದನ್ನೇ ಲೂಬ್ರಿಕೆಂಟಿನಂತೆ ಕೂಡುವ ಮುಂಚೆ ಹಚ್ಚಿಕೊಳ್ಳುವುದು ಮೂರನೇ ತಪ್ಪು, ಗಂಡನ ಮೈಗೂ ಹಾರ್ಮೋನ್ ಸೇರುತ್ತದೆ.

ಟ್ಯೂಬಿನ ಜೊತೆಯ ಚೀಟಿಯಲ್ಲಿ ಕ್ಯಾನ್ಸರ್, ಪಾರ್ಶ್ವವಾಯು ಎಂದೆಲ್ಲ ಓದಿ ಕಪಾಟಿಗೆ ಎಸೆಯುವವರು ಹಲವರು. ಆ ಎಚ್ಚರಿಕೆಯ ಬೇರು 2002ರ ಅಮೆರಿಕದ ದೊಡ್ಡ ಅಧ್ಯಯನ, ಅದು ನುಂಗುವ ಮಾತ್ರೆಗಳದ್ದು. ಕಡಿಮೆ ಪ್ರಮಾಣದಲ್ಲಿ ಯೋನಿಗೆ ಹಚ್ಚಿದ್ದು ರಕ್ತಕ್ಕೆ ಸೇರುವುದು ತೀರಾ ಸ್ವಲ್ಪ. ಜೊತೆಗೆ ಪ್ರೊಜೆಸ್ಟರಾನ್ ಕೂಡ ಬೇಕಿಲ್ಲ. ಸ್ತನ ಕ್ಯಾನ್ಸರ್ ಆದವರ ಮಾತು ಬೇರೆ. ಅದರಲ್ಲೂ ಈಸ್ಟ್ರೊಜನ್ ತಗ್ಗಿಸುವ ಲೆಟ್ರೊಜೋಲ್, ಅನಾಸ್ಟ್ರೊಜೋಲ್ ನುಂಗುತ್ತಿರುವವರು ಮಾಯಿಶ್ಚರೈಸರ್, ಸಿಲಿಕೋನ್‌ನಿಂದ ಶುರು ಮಾಡಿ, ಕ್ರೀಮಿನ ವಿಷಯವನ್ನು ಕ್ಯಾನ್ಸರ್ ವೈದ್ಯರಲ್ಲೇ ಕೇಳಬೇಕು.

ಯೋನಿಗೆ ಲೇಸರ್ ಚಿಕಿತ್ಸೆ? ಸಾವಿರಗಟ್ಟಲೆ ಸುರಿಯುವ ಮೊದಲು ಇಷ್ಟು ತಿಳಿದಿರಲಿ. 2018ರಲ್ಲಿ ಅಮೆರಿಕದ ಔಷಧ ನಿಯಂತ್ರಕ ಸಂಸ್ಥೆ ಎಫ್‌ಡಿಎ ಇದರ ಬಗ್ಗೆ ಎಚ್ಚರಿಸಿತು. 2021ರ ಆಸ್ಟ್ರೇಲಿಯಾದ ಪರೀಕ್ಷೆಯಲ್ಲಿ ನಿಜವಾದ ಲೇಸರ್‌ಗೂ ಸುಮ್ಮನೆ ಲೇಸರ್‌ನಂತೆ ನಟಿಸಿದ್ದಕ್ಕೂ ಒಂದು ವರ್ಷದ ನಂತರ ವ್ಯತ್ಯಾಸ ಕಾಣಲಿಲ್ಲ. ನಮ್ಮ ಪಟ್ಟಿಯಿಂದ ಹೊರಗೆ.

ಯಾವುದನ್ನೇ ಹಚ್ಚಿದರೂ ಸೋಪು ಬಿಡದಿದ್ದರೆ ವ್ಯರ್ಥ. ಸೋಪಿನ ಪಿಎಚ್ 9–10, ಆ್ಯಂಟಿಸೆಪ್ಟಿಕ್ ಬೆರೆಸಿದ ನೀರು ಇನ್ನೂ ಕೆಟ್ಟದ್ದು. ಹೊರಗೆ ಬರೀ ನೀರು, ಒಳಗೆ ಏನೂ ಬೇಡ.

ಇನ್ನು ಒಣತನದ ವೇಷ ಹಾಕಿಕೊಂಡು ಬರುವವು. ಈಸ್ಟ್ರೊಜನ್ ಇಲ್ಲದ ಯೋನಿಯಲ್ಲಿ ಫಂಗಸ್ ಅಪರೂಪ. ಬಂದಿದೆ ಎಂದರೆ ಸಕ್ಕರೆ ನೋಡಿಸಿ, ಡಾಪಾಗ್ಲಿಫ್ಲೋಜಿನ್ ಥರದ ಮಾತ್ರೆ ನುಂಗುತ್ತಿದ್ದೀರಾ ನೋಡಿಕೊಳ್ಳಿ. ಅದು ಮೂತ್ರದಲ್ಲಿ ಸಕ್ಕರೆ ಹೊರಹಾಕುತ್ತದೆ, ಫಂಗಸ್‌ಗೆ ಹಬ್ಬ. ರಾತ್ರಿ ಹೆಚ್ಚುವ ತುರಿಕೆ, ಬಿಳಿಚಿದ ತೆಳು ಚರ್ಮ ಕಂಡರೆ ಲೈಕನ್ ಸ್ಕ್ಲಿರೋಸಸ್ ಎಂಬ ಚರ್ಮರೋಗ ಇರಬಹುದು. ಅದಕ್ಕೆ ಬೇರೆಯದೇ ಮುಲಾಮು, ಬೇರೆಯದೇ ನಿಗಾ. ಮೆಡಿಕಲ್ ಶಾಪಿನವರು ಕೊಡುವ ಸ್ಟೀರಾಯ್ಡ್ ಮಿಶ್ರಿತ ಮುಲಾಮನ್ನು ಪರೀಕ್ಷೆ ಇಲ್ಲದೆ ಮುಟ್ಟಬೇಡಿ. ಕ್ರೀಮ್ ಹಾಕಿ ಮೂರು ತಿಂಗಳಾದರೂ ಬೆರಳು ಹೋಗುವುದೇ ಕಷ್ಟ ಎಂದರೆ ಸ್ನಾಯುಗಳು ಬಿಗಿದುಕೊಂಡಿರಬಹುದು. ಆಗ ಕೀಗಲ್ (ಅದೇ ಸ್ನಾಯುಗಳನ್ನು ಹಿಡಿದು ಬಿಡುವ) ವ್ಯಾಯಾಮ ಮಾಡಿದರೆ ಇನ್ನಷ್ಟು ಬಿಗಿಯುತ್ತದೆ, ಸಡಿಲಿಸುವುದನ್ನು ಹೇಳಿಕೊಡುವ ಪೆಲ್ವಿಕ್ ಫಿಸಿಯೋಥೆರಪಿಸ್ಟ್ ಬೇಕು. ಮುಟ್ಟು ನಿಂತು ಒಂದು ವರ್ಷದ ಮೇಲೆ ಒಂದೇ ಒಂದು ಹನಿ ರಕ್ತ ಕಂಡರೂ, ‘ಒಣಗಿ ಗೀರಿರಬೇಕು’ ಎಂದು ನಿಮಗೆ ನೀವೇ ಹೇಳಿಕೊಳ್ಳದೆ, ಮೊದಲು ಸ್ಕ್ಯಾನ್ ಮಾಡಿಸಿ ಗರ್ಭಕೋಶದ ಒಳಪದರದ ದಪ್ಪ ನೋಡಿಸಿ. 4 ಮಿಲಿಮೀಟರ್ ಮೀರಿದ್ದರೆ ಮುಂದಿನ ಪರೀಕ್ಷೆ ಮುಗಿಯುವವರೆಗೆ ಹಾರ್ಮೋನ್ ಟ್ಯೂಬಿನ ಮುಚ್ಚಳ ತೆರೆಯಬೇಡಿ.