ಕೋವಿ ಮರಕ್ಕೆ ಹಿತ್ತಾಳೆ ಬಿಲ್ಲೆ: ಅಂಟು, ಸ್ಕ್ರೂ, ಮೊಳೆ ಮೂರನ್ನೂ ಮಳೆಗಾಲಕ್ಕೆ ಒಡ್ಡಿದೆ

ನಮ್ಮ ಅಜ್ಜನ ಜೋಡುನಳಿಗೆ ಕೋವಿಯ ಹಿಂಬದಿ ಮರದಲ್ಲಿ ಹೆಬ್ಬೆರಳಗಲದ ಒಂದು ಬೆಳ್ಳಿ ಬಿಲ್ಲೆ ಇದೆ. ಮೊಟ್ಟೆ ಆಕಾರ. ಕಣ್ಣು ಮುಚ್ಚಿ ಬೆರಳಾಡಿಸಿದರೆ ಅಂಚು ಸಿಗುವುದೇ ಇಲ್ಲ. ಬೆರಳಿಗೆ ತಣ್ಣಗಾದರೆ ಬಿಲ್ಲೆ, ಇಲ್ಲದಿದ್ದರೆ ಮರ, ಅಷ್ಟೇ. ಪ್ರತಿ ಸೆಪ್ಟೆಂಬರ್‌ನಲ್ಲಿ ಕೊಡಗಿನ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್‌ಗೆ ಕೋವಿ ಒರೆಸುವಾಗ ಅಂಥದ್ದೊಂದನ್ನು ನಾನೇ ಕೂರಿಸಬೇಕು ಅನ್ನಿಸುತ್ತಿತ್ತು.

ಅಜ್ಜನ ಕೋವಿಗೆ ಕೈ ಹಾಕಲಿಲ್ಲ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೂ ಕೋವಿ ಇಟ್ಟುಕೊಳ್ಳಲು ಪರವಾನಗಿಯಿಂದ ವಿನಾಯಿತಿ ಇದೆ, 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದ್ದೂ ಆಯಿತು. ಹಾಗಂತ ಉಳಿ ಹಿಡಿದು ಅದರ ಮೇಲೆ ಕೈ ಪಳಗಿಸೋಕಾಗುತ್ತಾ? ಕೋವಿ ರಿಪೇರಿ ಪರವಾನಗಿ ಇರುವವರ ಕೆಲಸ. ನಾನು ತೆಗೆದುಕೊಂಡಿದ್ದು ಹಳೆಯ ಏರ್ ರೈಫಲ್ಲಿನ ಅಕ್ರೋಟ್ ಮರ. ನಳಿಗೆ ಕಳಚಿಟ್ಟು ಬರೀ ಮರವನ್ನು ಮೇಜಿನ ಮೇಲೆ ಮಲಗಿಸಿದೆ.

ಒಂದೇ ಅಳತೆಯ ಮೂರು ಹಿತ್ತಾಳೆ ಬಿಲ್ಲೆ ಕತ್ತರಿಸಿದೆ. 40 ಮಿ.ಮೀ. ಉದ್ದ, 25 ಅಗಲ, ಒಂದೂವರೆ ದಪ್ಪ. ಮೂರನ್ನೂ ಜನವರಿಯಲ್ಲಿ ಕೂರಿಸಿ, ಮರವನ್ನು ಜಗಲಿಯಲ್ಲಿ ತೂಗುಹಾಕಿದೆ. ನಮ್ಮ ಕಡೆ ಜೂನ್‌ನಿಂದ ಬಟ್ಟೆಯೇ ಒಣಗಲ್ಲ, ಇನ್ನು ಮರ ಸುಮ್ನೆ ಇರುತ್ತಾ?

ಗುಳಿ ತೋಡುವ ಕೆಲಸ ಮೂರಕ್ಕೂ ಒಂದೇ, ಜಾಸ್ತಿ ಹೊತ್ತು ಹೋಗುವುದೂ ಅಲ್ಲೇ. ಗುರುತನ್ನು ಪೆನ್ಸಿಲ್ಲಿನಲ್ಲಿ ಹಾಕಬಾರದು, ಚೂಪು ಚಾಕುವಿನಲ್ಲಿ ಗೀರಬೇಕು. ಪೆನ್ಸಿಲ್ ಗೆರೆಯ ದಪ್ಪವೇ ಆಮೇಲೆ ಸಂದಾಗುತ್ತದೆ. ಬಿಲ್ಲೆಯ ಅಂಚನ್ನು ಅರದಿಂದ ಒಳಮುಖವಾಗಿ ಸ್ವಲ್ಪ ಓರೆ ಮಾಡಿದರೆ ಅದು ಬೆಣೆಯಂತೆ ಬಿಗಿಯಾಗಿ ಇಳಿಯುತ್ತದೆ. ಆಮೇಲೆ ಬಿಲ್ಲೆಯ ಹಿಂಬದಿಗೆ ಮಸಿ ಹಚ್ಚಿ ಒತ್ತುವುದು, ಮರಕ್ಕೆ ಕಪ್ಪು ಹತ್ತಿದಲ್ಲಿ ಮಾತ್ರ ಕೂದಲೆಳೆಯಷ್ಟು ಕೆರೆಯುವುದು, ಮತ್ತೆ ಒತ್ತುವುದು. ದೀಪದ ಮಸಿಗೆ ಎಣ್ಣೆ ಕಲಸಿ ನೋಡಿದೆ, ಎಲ್ಲೆಡೆ ಹರಡಿತು. ಹೆಂಡತಿಯ ಕಾಡಿಗೆ ಕಡ್ಡಿ ಅದಕ್ಕಿಂತ ಎಷ್ಟೋ ವಾಸಿ. ಕೇಳದೆ ತಗೊಂಡಿದ್ದು ಮಾತ್ರ ತಪ್ಪಾಯಿತು. ಒಂದು ಬಿಲ್ಲೆಗೆ ಎರಡು ಭಾನುವಾರ ಹಿಡಿಯಿತು.

ಮೊದಲನೆಯದಕ್ಕೆ ಎರಡು ಟ್ಯೂಬು ಬೆರೆಸುವ ಎಪಾಕ್ಸಿ ಅಂಟು. ಹತ್ತು ನಿಮಿಷದ ಕೆಲಸ. ಮೇಲೆ ಒಂದು ಚುಕ್ಕೆಯೂ ಕಾಣಲ್ಲ, ಆ ದಿನ ಮೂರರಲ್ಲಿ ಇದೇ ಚೆಂದ. ಆಗಸ್ಟ್‌ನಲ್ಲಿ ಒತ್ತಿ ನೋಡಿದರೆ ಒಂದು ಬದಿ ಟಿಕ್ ಅಂತು. ಮರ ಎಳೆಗೆ ಅಡ್ಡಲಾಗಿ ಉಬ್ಬುತ್ತದೆ, ಹಿತ್ತಾಳೆ ಉಬ್ಬಲ್ಲ, ನಡುವೆ ಸಿಕ್ಕ ಅಂಟು ಬಿಟ್ಟುಕೊಳ್ಳುತ್ತದೆ. ಅರ್ಧ ತಪ್ಪು ನನ್ನದೇ. ಬಿಲ್ಲೆಯ ಹಿಂಬದಿಯನ್ನೂ ಫಳಫಳ ಹೊಳೆಸಿಬಿಟ್ಟಿದ್ದೆ. ಎಮರಿ ಕಾಗದದಲ್ಲಿ ಒರಟು ಮಾಡಿದ್ದರೆ ಇನ್ನೂ ಸ್ವಲ್ಪ ದಿನ ಹಿಡಿಯುತ್ತಿತ್ತೇನೋ. ಬಿಡಿಸಲು ಬೆಸುಗೆ ಕಡ್ಡಿಯಿಂದ (ಸೋಲ್ಡರಿಂಗ್ ಐರನ್) ಕಾಯಿಸಿದೆ. ಬಿಲ್ಲೆ ಬಂತು, ಸುತ್ತಲಿನ ಪಾಲಿಶ್ ಸುಟ್ಟಿತು.

ಎರಡನೆಯದಕ್ಕೆ ಎರಡು ಸಣ್ಣ ಹಿತ್ತಾಳೆ ಸ್ಕ್ರೂ. ಮೊದಲ ಸ್ಕ್ರೂವಿನ ತಲೆ ಅರ್ಧದಲ್ಲೇ ಮುರಿದು ಕೈಗೆ ಬಂತು. ಹಿತ್ತಾಳೆ ಮೆದು, ಗಟ್ಟಿ ಮರದಲ್ಲಿ ತಾನೇ ದಾರಿ ಮಾಡಿಕೊಳ್ಳಲ್ಲ. ತೂತು ಕೊರೆದು, ಅದೇ ಅಳತೆಯ ಉಕ್ಕಿನ ಸ್ಕ್ರೂ ಒಮ್ಮೆ ಹಾಕಿ ತೆಗೆದು, ಆಮೇಲೆ ಹಿತ್ತಾಳೆಯದಕ್ಕೆ ಸೋಪು ಸವರಿ ತಿರುಗಿಸಿದರೆ ಬೆಣ್ಣೆಯಂತೆ ಇಳಿಯುತ್ತದೆ. ಉಕ್ಕಿನದನ್ನೇ ಬಿಟ್ಟರಾಯಿತಲ್ಲ ಅನ್ನಬೇಡಿ. ಅಕ್ರೋಟ್ ಮರದ ಒಗರಿಗೆ ಕಬ್ಬಿಣ ಮತ್ತು ತೇವ ಸೇರಿದರೆ ಸುತ್ತ ನೀಲಿಗಪ್ಪು ಕಲೆ ಏಳುತ್ತದೆ. ಮಳೆಗಾಲದಲ್ಲಿ ಈ ಬಿಲ್ಲೆ ಅಲ್ಲಾಡಲೇ ಇಲ್ಲ. ಆದರೆ ಅಂದ? ಪೆಟ್ಟಿಗೆಯ ಕೀಲಿನ ಹಾಗೆ ಕಾಣುತ್ತದೆ. ಕೋವಿ ಮರದಲ್ಲಿ ಕೈ ಹಿಡಿಯುವ ಬಾಗಿದ ಭಾಗದ, ಅಂದರೆ ಪಿಸ್ತೂಲ್ ಹಿಡಿಯ, ತುದಿಗೆ ಹಾಕುವ ಮುಚ್ಚಳಕ್ಕಾದರೆ ಸ್ಕ್ರೂವೇ ಸರಿ, ಅಲ್ಲಿ ಬೇರೆ ಮಾತಿಲ್ಲ.

ಮೂರನೆಯದು ಮೊಳೆ. ಇದರ ಯೋಚನೆ ಕೊಟ್ಟಿದ್ದು ಅಜ್ಜನ ಬಿಲ್ಲೆಯೇ. ಒಂದು ರಾತ್ರಿ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿದಾಗ ಎರಡೂ ತುದಿಯಲ್ಲಿ ಸೂಜಿಮೊನೆಯಷ್ಟು ದುಂಡು ಗುರುತು ಕಂಡವು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 18ನೇ ಶತಮಾನದಿಂದ ಮಾಡಿದ ಉದ್ದನಳಿಗೆಯ ರೈಫಲ್‌ಗಳಲ್ಲೂ ಬೆಳ್ಳಿ, ಹಿತ್ತಾಳೆ ತುಣುಕುಗಳನ್ನು ಹೀಗೇ ಕೂರಿಸುತ್ತಿದ್ದರು. ಬಿಲ್ಲೆಯ ತೂತಿನ ಬಾಯನ್ನು ಸ್ವಲ್ಪ ಅಗಲಿಸಿ, ಹಿತ್ತಾಳೆ ತಂತಿಯ ಮೊಳೆ ಇಳಿಸಿ, ಸಣ್ಣ ಸುತ್ತಿಗೆಯಲ್ಲಿ ತಲೆ ತಟ್ಟಬೇಕು. ತಲೆ ಹರಡಿ ತೂತಿನ ಬಾಯಿ ತುಂಬಿಕೊಳ್ಳುತ್ತದೆ. ಮೇಲೆ ಉಳಿದದ್ದನ್ನು ಅರ ಹಾಕಿ ಸವೆಸಿದರೆ ಮೊಳೆ ಮಾಯ! ನಾನೇ ಹೊಡೆದದ್ದನ್ನು ನಾನೇ ಹುಡುಕಬೇಕಾಯಿತು.

ಆಗಸ್ಟ್‌ನಲ್ಲಿ ಇದರ ಮೇಲೆ ಕೆಳಗೆ ಕಾಗದ ತೂರುವಷ್ಟು ಸಂದು ಬಿಟ್ಟಿತ್ತು. ಮರದ ಎಳೆ ಓಡುವ ದಿಕ್ಕಿನ ಎರಡು ತುದಿ ಮಾತ್ರ ಬಿಗಿಯಾಗೇ ಇದ್ದವು. ಡಿಸೆಂಬರ್‌ಗೆ ಸಂದು ಮುಚ್ಚಿಕೊಂಡಿತು. ನನ್ನ ಓಟು ಇದಕ್ಕೇ.

ಲೋಹದ ವಿಷಯ ಇಷ್ಟೇ. ಹಿತ್ತಾಳೆ ಅಗ್ಗ, ಕೈಗೆ ಬಗ್ಗುತ್ತದೆ. ಹುಣಸೆಹಣ್ಣು ಹಾಕಿ ಮಾತ್ರ ಉಜ್ಜಬೇಡಿ, ರಸ ಸಂದಿಗೆ ಇಳಿಯುತ್ತದೆ. ಜರ್ಮನ್ ಸಿಲ್ವರ್‌ನಲ್ಲಿ ಬೆಳ್ಳಿ ಚೂರೂ ಇಲ್ಲ, ತಾಮ್ರ, ನಿಕ್ಕೆಲ್, ಸತುವಿನ ಬೆರಕೆ. ಅರಕ್ಕೆ ಗಟ್ಟಿ. ಬೆಳ್ಳಿ ಬೇಗ ಕಪ್ಪಾಗುತ್ತದೆ, ಆದರೆ ಅಕ್ಷರ ಕೆತ್ತಲು ಅದರಷ್ಟು ಹಿತವಾದದ್ದು ಬೇರೆ ಸಿಗಲಿಲ್ಲ.

ಅಂಟು ಬಿಟ್ಟ ಗುಳಿಗೆ ಈಗ ಬೆಳ್ಳಿ ಬಿಲ್ಲೆ ಕೊರೆಸಿಟ್ಟಿದ್ದೇನೆ. ಈ ಸಲ ಜನವರಿಯ ಒಣ ಮರಕ್ಕೂ ಬೇಡ, ಜುಲೈನ ಉಬ್ಬಿದ ಮರಕ್ಕೂ ಬೇಡ. ಉಬ್ಬಿದಾಗ ಕೂರಿಸಿದರೆ ಒಣಗುವಾಗ ಮರ ಬಿಗಿದು ಬಿಲ್ಲೆಯನ್ನು ಮೇಲೆತ್ತುತ್ತದೆ. ಮಳೆ ನಿಂತು ಒಂದು ತಿಂಗಳಾಗಲಿ, ನವೆಂಬರ್‌ನಲ್ಲಿ ಕೂರಿಸುತ್ತೇನೆ. ಕಾಡಿಗೆ ಕಡ್ಡಿ ಈಗ ನನ್ನದೇ ಒಂದಿದೆ.